ಸಾಕು ಎಂದದ್ದು ಹಾಕು ಎಂದು ಕೇಳಿದಾಗ: ದಾವಣಗೆರೆಯ ದೋಸೆ ಹೋಟೆಲಿನಲ್ಲಿ ಶ್ರವಣ ಸಾಧನದ ಒಂದು ಪ್ರಕರಣ

ದಾವಣಗೆರೆಯ ಹಳೇ ಪೇಟೆ ಭಾಗದಲ್ಲಿ ಮಗ ನಡೆಸುವ ಬೆಣ್ಣೆ ದೋಸೆ ಹೋಟೆಲಿನ ಗಲ್ಲಾದ ಮೇಲೆ ದಿನವೂ ಬೆಳಿಗ್ಗೆ ಕೂರುವ 66 ವರ್ಷದ ಹಿರಿಯರೊಬ್ಬರು ತಮ್ಮ ಸೊಸೆಯ ಜೊತೆ ಶ್ರವಣ ತಜ್ಞೆಯಾದ ನನ್ನಲ್ಲಿಗೆ ಬಂದಾಗ, ಅವರ ಡಿಜಿಟಲ್ ಶ್ರವಣ ಸಾಧನ ಕಿವಿಯಲ್ಲಿರಲಿಲ್ಲ, ಅಂಗಿಯ ಜೇಬಿನಲ್ಲಿತ್ತು. ಆರು ತಿಂಗಳ ಹಿಂದೆ ಬೇರೊಂದು ಕಡೆ ಕೊಂಡದ್ದು. ಕೊಡುವಾಗ ಮಾರಾಟಗಾರರು ಇದು ಹೊರಗಿನ ಗದ್ದಲವನ್ನೆಲ್ಲ ತಾನೇ ತೆಗೆದುಹಾಕಿ ಮಾತನ್ನು ಮಾತ್ರ ಕೇಳಿಸುತ್ತದೆ ಎಂದು ಹೇಳಿದ್ದರಂತೆ. ಮನೆಯಲ್ಲಿ ಅದು ಪರವಾಗಿಲ್ಲ, ಹೋಟೆಲಿನಲ್ಲಿ ಮಾತ್ರ ಏನೂ ಪ್ರಯೋಜನವಿಲ್ಲ ಎಂಬುದು ಅವರ ದೂರು. ಅಂಥ ದೂರನ್ನು ನಾನು ವಾರಕ್ಕೆ ಎರಡು ಮೂರು ಬಾರಿಯಾದರೂ ಕೇಳುತ್ತೇನೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು ಕಾರಣ, ಹೋಟೆಲಿಗೇ ಹೋಗಿ ಅಳತೆ ಮಾಡಲು ಆ ಕುಟುಂಬದವರು ಅವಕಾಶ ಕೊಟ್ಟದ್ದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ದೂರಿನ ಹಿಂದೆ ಒಂದು ನಿರ್ದಿಷ್ಟ ಘಟನೆಯಿತ್ತು. ಬಿಡುವಾದಾಗ ಗಲ್ಲಾದಿಂದ ಎದ್ದು ಗಿರಾಕಿಗಳಿಗೆ ತಾವೇ ಚಟ್ನಿ ಬಡಿಸುವುದು ಅವರಿಗೆ ಇಷ್ಟದ ಕೆಲಸ. ಕೆಲವು ತಿಂಗಳಿಂದ ಗಿರಾಕಿಗಳು "ಸಾಕು" ಎಂದರೆ ಅವರಿಗೆ "ಹಾಕು" ಎಂದು ಕೇಳಿಸುತ್ತಿತ್ತು, ಅವರು ಇನ್ನೊಂದು ಸೌಟು ಹಾಕುತ್ತಿದ್ದರು. ಒಂದು ದಿನ ಒಬ್ಬರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಗದರಿದ ಮೇಲೆ ಅವರು ಚಟ್ನಿಯ ಬಕೆಟ್ಟನ್ನು ಮುಟ್ಟುವುದನ್ನೇ ಬಿಟ್ಟರು. "ಮಾವನೋರು ಈಗ ಯಾರ ಜೊತೆಗೂ ಮಾತಾಡಲ್ರಿ ಮೇಡಂ, ದುಡ್ಡು ಇಸ್ಕೊಂಡು ತಲೆ ತಗ್ಗಿಸಿಕೊಂಡು ಕೂತಿರ್ತಾರೆ" ಎಂದರು ಸೊಸೆ. ಇದನ್ನು ಕೇಳಿದಾಗಲೇ ರೋಗನಿರ್ಣಯದ ಅರ್ಧ ನನಗೆ ಸಿಕ್ಕಿತ್ತು. ಸಾಕು ಮತ್ತು ಹಾಕು ಎಂಬ ಎರಡು ಪದಗಳಿಗೆ ಇರುವ ವ್ಯತ್ಯಾಸ ಮೊದಲ ವ್ಯಂಜನವೊಂದೇ. ಸಕಾರದ ಶಕ್ತಿಯ ಬಹುಪಾಲು 4000 ಹರ್ಟ್ಜ್ ಮತ್ತು ಅದರ ಮೇಲಿನ ತೆಳುವಾದ ಸಿಳ್ಳಿನಂಥ ಧ್ವನಿಯಲ್ಲಿರುತ್ತದೆ. ಆ ಭಾಗ ಕೇಳಿಸದ ಕಿವಿಗೆ ಉಳಿಯುವುದು ಒಂದು ಉಸಿರು ಮತ್ತು "ಆಕು", ಅಷ್ಟೇ.

ಅವರು 24 ವರ್ಷ ಇಲ್ಲಿನ ಹತ್ತಿ ಗಿರಣಿಯೊಂದರ ಮಗ್ಗದ ಖಾತೆಯಲ್ಲಿ (ವಿಭಾಗದಲ್ಲಿ) ದುಡಿದವರು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಈ ಊರಿನಲ್ಲಿ ಆ ತಲೆಮಾರಿನ ಎಷ್ಟೋ ಜನರ ಕಿವಿ ಹೀಗೆಯೇ ಸವೆದಿದೆ. ಕಾರ್ಖಾನೆಗಳ ನಿಯಮದ ಪ್ರಕಾರ ದಿನಕ್ಕೆ 8 ಗಂಟೆಗೆ ಮಿತಿ 90 ಡೆಸಿಬೆಲ್ ಆಗಿತ್ತು. ಲಾಳಿ ಹೊಡೆಯುವ ಹಳೆಯ ಮಗ್ಗಗಳ ಸಾಲಿನಲ್ಲಿ ಶಬ್ದ ಅದನ್ನು ಮೀರುವುದು ಸಾಮಾನ್ಯವಾಗಿತ್ತು. ಕಿವಿಗೆ ಹತ್ತಿ ತುರುಕಿಕೊಳ್ಳುವುದನ್ನು ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲವೆಂದು ಅವರು ಹೇಳಿದರು. ಖಾತೆಯಲ್ಲಿ ಯಾರೂ ಕೂಗಿ ಮಾತಾಡುತ್ತಿರಲಿಲ್ಲ, ತುಟಿ ನೋಡಿ, ಕೈಸನ್ನೆಯಲ್ಲಿ ಮಾತು ಮುಗಿಸುತ್ತಿದ್ದರು. ತುಟಿ ಓದುವ ಆ ಅಭ್ಯಾಸ ಅವರಲ್ಲಿ ಇನ್ನೂ ಚುರುಕಾಗಿದೆ. ನಾನು ಮುಖ ಕೆಳಗೆ ಮಾಡಿ ಬರೆದುಕೊಳ್ಳುತ್ತ ಪ್ರಶ್ನೆ ಕೇಳಿದಾಗಲೆಲ್ಲ ಉತ್ತರ ತಪ್ಪುತ್ತಿತ್ತು, ಮುಖ ಎತ್ತಿ ಕೇಳಿದಾಗ ಸರಿಯಾಗುತ್ತಿತ್ತು.

ಪರೀಕ್ಷೆಯಲ್ಲಿ ಬಲಗಿವಿಯ ಶ್ರವಣಮಟ್ಟ (ಕೇಳಿಸಲು ಬೇಕಾದ ಕನಿಷ್ಠ ಸದ್ದು; ಸಂಖ್ಯೆ ಏರಿದಷ್ಟೂ ಕಿವಿ ಮಂದ) 250 ಹರ್ಟ್ಜ್‌ನಲ್ಲಿ 25 ಡೆಸಿಬೆಲ್, 500ರಲ್ಲಿ 30, 1000ದಲ್ಲಿ 45, 2000ದಲ್ಲಿ 60, 4000ದಲ್ಲಿ 75, 8000ದಲ್ಲಿ 70 ಇತ್ತು. ಎಡಗಿವಿಯ ನಷ್ಟ ಇದಕ್ಕಿಂತ ಸ್ವಲ್ಪ ಕಡಿಮೆ. 4000ದಲ್ಲಿ ಕುಸಿದು 8000ದಲ್ಲಿ ತುಸು ಚೇತರಿಸುವ ಈ ಆಕಾರ ಶಬ್ದದಿಂದಾದ ಹಾನಿಯ ಗುರುತು, ಅದರ ಮೇಲೆ ವಯಸ್ಸಿನ ಸವೆತವೂ ಸೇರಿದೆ. ಇಲ್ಲಿ ಓದುಗರು ಗಮನಿಸಬೇಕಾದ ಒಂದು ವಿಷಯವಿದೆ. ಧ್ವನಿಯನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ನಾಶವಾದಾಗ ಧ್ವನಿ ಸಣ್ಣದಾಗುವುದು ಒಂದು ನಷ್ಟ. ಒಟ್ಟಿಗೆ ಬಂದ ಎರಡು ಧ್ವನಿಗಳನ್ನು ಬಿಡಿಸಿ ಕೇಳುವ ಸೂಕ್ಷ್ಮತೆ ಹೋಗುವುದು ಇನ್ನೊಂದು ನಷ್ಟ. ಮೊದಲನೆಯದನ್ನು ಸಾಧನ ತಕ್ಕಮಟ್ಟಿಗೆ ತುಂಬಿಕೊಡುತ್ತದೆ, ಎರಡನೆಯದನ್ನು ಯಾವ ಸಾಧನವೂ ಮರಳಿ ತರುವುದಿಲ್ಲ. ಆದ್ದರಿಂದಲೇ ಸದ್ದಿಲ್ಲದ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುವವರು ಮದುವೆ ಮನೆಯಲ್ಲಿ ಸೋಲುತ್ತಾರೆ.

ಅವರ ಸಾಧನದಲ್ಲಿ ಮೊದಲ ದೋಷ ತೀರ ಸರಳವಾದದ್ದು. ಮೇಲಿನ ಸ್ಥಾಯಿಗೆ ಬೇಕಾದಷ್ಟು ವರ್ಧನೆಯನ್ನೇ ಅದರಲ್ಲಿ ಕೊಟ್ಟಿರಲಿಲ್ಲ. ಹೊಸಬರಿಗೆ ಸಿಳ್ಳು ಧ್ವನಿ ಕಿರಿಕಿರಿಯಾಗುತ್ತದೆಂದು ಮೊದಲ ದಿನ ತಗ್ಗಿಸಿಟ್ಟು, ಮತ್ತೆ ಕರೆದು ಏರಿಸದೆ ಬಿಟ್ಟಿರಬೇಕು. ಹೀಗೆ ಬಿಟ್ಟದ್ದನ್ನು ನಾನು ಬಹಳ ಕಡೆ ಕಂಡಿದ್ದೇನೆ, ನೋವಾಗುತ್ತದೆ. ಕಿವಿಯೊಳಗೆ ಸಣ್ಣ ಕೊಳವೆ ಇಟ್ಟು ಅಳೆದಾಗ 4000 ಹರ್ಟ್ಜ್‌ನಲ್ಲಿ ವರ್ಧನೆ ಅವರ ಶ್ರವಣಮಟ್ಟಕ್ಕೆ ಲೆಕ್ಕ ಹಾಕಿದ ಗುರಿಗಿಂತ 14 ಡೆಸಿಬೆಲ್ ಕಡಿಮೆ ಬಂತು. ಸಾಕು ಮತ್ತು ಹಾಕು ಎಂಬ ಪದಗಳನ್ನೇ ಒಟ್ಟು 20 ಬಾರಿ ಕ್ರಮ ಕಲೆಸಿ ಧ್ವನಿಮುದ್ರಿಸಿ, ಯಾವುದೇ ಸದ್ದಿಲ್ಲದ ಕೋಣೆಯಲ್ಲಿ ಕೇಳಿಸಿದಾಗ ಅವರು 13 ಸರಿ ಹೇಳಿದರು. ಕಣ್ಣು ಮುಚ್ಚಿ ಊಹಿಸಿದರೂ 10 ಸರಿಯಾಗುತ್ತದೆ. ವರ್ಧನೆಯನ್ನು ಗುರಿಗೆ ತಂದ ಮೇಲೆ ಅದೇ ಪಟ್ಟಿಯಲ್ಲಿ 19 ಸರಿ ಬಂದವು. ಇದು ನನ್ನದೇ ಕೈಯಳತೆಯ ಪರೀಕ್ಷೆ, ಪ್ರಮಾಣಿತವಾದದ್ದಲ್ಲ. ಆದರೂ ಆ ಮನುಷ್ಯನಿಗೆ ಬೇಕಾಗಿದ್ದ ಉತ್ತರವನ್ನು ಅದು ಕೊಟ್ಟಿತು.

ಮುಂದಿನ ಪ್ರಶ್ನೆಯೇ ಈ ಬರಹದ ತಿರುಳು: ಗದ್ದಲ ಕಡಿಮೆ ಮಾಡುವ ವ್ಯವಸ್ಥೆ ನಿಜವಾಗಿ ಏನು ಮಾಡುತ್ತದೆ? ಕೋಣೆಯ ಮೂಲೆಯಲ್ಲಿ ಒಂದು ಟೇಬಲ್ ಫ್ಯಾನನ್ನು ಜೋರಾಗಿ ತಿರುಗಿಸಿ, ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ, ಅವರಿಗೆ ಹೇಳದೆ ಆ ವ್ಯವಸ್ಥೆಯನ್ನು ಗರಿಷ್ಠಕ್ಕೆ ಏರಿಸಿದೆ. ಎರಡು ಮೂರು ಸೆಕೆಂಡಿನಲ್ಲಿ ಅವರ ಹುಬ್ಬಿನ ಗಂಟು ಸಡಿಲಾಯಿತು. "ಯಾಕ್ರಿ ಮೇಡಂ, ಫ್ಯಾನ್ ಬಂದ್ ಮಾಡಿದ್ರೇನು?" ಎಂದು ಮೂಲೆಯ ಕಡೆ ತಿರುಗಿ ನೋಡಿದರು. ಫ್ಯಾನು ತಿರುಗುತ್ತಲೇ ಇತ್ತು. ಮಾರಾಟದ ಕೋಣೆಯಲ್ಲಿ ತೋರಿಸುವ ಪ್ರದರ್ಶನ ಇದೇ, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರ ಬೆನ್ನಿಗೇ ಫ್ಯಾನಿನ ಸದ್ದಿನಲ್ಲಿ ಆ 20 ಪದಗಳನ್ನು ಕೇಳಿಸಿದೆ. ವ್ಯವಸ್ಥೆ ಬಂದಾಗಿದ್ದಾಗ 15 ಸರಿ, ಚಾಲೂ ಇದ್ದಾಗಲೂ 15 ಸರಿ. ಯಾವುದು ಹಿತವೆಂದು ಕೇಳಿದರೆ ಚಾಲೂ ಇದ್ದದ್ದೇ ಎಂದು ತಡವಿಲ್ಲದೆ ಹೇಳಿದರು. ಹಿತ ಬೇರೆ, ಸ್ಪಷ್ಟತೆ ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ಮಾರುವುದರಿಂದಲೇ ಜನ ಮೋಸ ಹೋದಂತೆ ಭಾವಿಸುತ್ತಾರೆ.

ಕಾರಣ ಹೀಗಿದೆ. ಸಾಧನದೊಳಗಿನ ಚಿಪ್ ಒಳಬಂದ ಧ್ವನಿಯನ್ನು ಸ್ಥಾಯಿಗೆ ಅನುಗುಣವಾಗಿ ಹಲವು ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯಲ್ಲೂ ಧ್ವನಿಯ ಏರಿಳಿತವನ್ನು ನೋಡುತ್ತದೆ. ಮಾತು ಅಕ್ಷರ ಅಕ್ಷರಕ್ಕೆ ಏರಿ ಇಳಿಯುವುದರಿಂದ ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಮೇಲೆ ಕೆಳಗೆ ಆಡುತ್ತದೆ. ಫ್ಯಾನು, ಮೋಟಾರು, ಫ್ರಿಜ್ಜುಗಳ ಸದ್ದು ಒಂದೇ ಮಟ್ಟದಲ್ಲಿ ಗುಯ್‌ಗುಡುತ್ತಿರುತ್ತದೆ. ಏರಿಳಿತವಿಲ್ಲದ ಪಟ್ಟಿ ಕಂಡರೆ ಚಿಪ್ ಅದರ ವರ್ಧನೆಯನ್ನು ತಗ್ಗಿಸುತ್ತದೆ. ಆದರೆ ಅದೇ ಪಟ್ಟಿಯೊಳಗೆ ಮಾತಿನ ಒಂದು ಅಂಶವೂ ಬೆರೆತಿದ್ದರೆ, ಗದ್ದಲದ ಜೊತೆಗೆ ಆ ಅಂಶವೂ ಅಷ್ಟೇ ತಗ್ಗುತ್ತದೆ. ಅಕ್ಕಿಯಲ್ಲಿ ಕಲ್ಲು ಬೆರೆತಿದೆ ಎಂದು ಮೊರದಿಂದ ಅರ್ಧ ಅಕ್ಕಿ ತೆಗೆದಿಟ್ಟರೆ ಉಳಿದದ್ದರಲ್ಲಿ ಕಲ್ಲಿನ ಪಾಲು ಹಾಗೆಯೇ ಇರುತ್ತದಲ್ಲವೇ? ಇಲ್ಲಿಯೂ ಹಾಗೆಯೇ, ಮಾತಿಗೂ ಗದ್ದಲಕ್ಕೂ ಇರುವ ಅನುಪಾತ ಆ ಪಟ್ಟಿಯೊಳಗೆ ಬದಲಾಗುವುದಿಲ್ಲ. ಇನ್ನು ಗದ್ದಲವೇ ಬೇರೆಯವರ ಮಾತಾಗಿದ್ದರೆ ಅದರ ಏರಿಳಿತವೂ ಮಾತಿನದೇ. ಚಿಪ್‌ಗೆ ತಗ್ಗಿಸಲು ಹಿಡಿತವೇ ಸಿಗದು. ಅವರ ಸಾಧನವನ್ನು ಪರೀಕ್ಷಾ ಪೆಟ್ಟಿಗೆಯಲ್ಲಿಟ್ಟು ಒಂದೇ ಮಟ್ಟದ ಸದ್ದು ಹಾಕಿದಾಗ ಕೆಳ ಸ್ಥಾಯಿಯಲ್ಲಿ 8 ಡೆಸಿಬೆಲ್‌ವರೆಗೆ ತಗ್ಗಿತು. ಜನಸಂದಣಿಯ ಧ್ವನಿಮುದ್ರಿಕೆ ಹಾಕಿದಾಗ 2 ಡೆಸಿಬೆಲ್ ತಗ್ಗುವಷ್ಟರಲ್ಲಿ ನಿಂತಿತು.

ಪೂರ್ಣ ಡಿಜಿಟಲ್ ಸಾಧನಗಳು ಮಾರುಕಟ್ಟೆಯಲ್ಲಿ ನೆಲೆಗೊಂಡದ್ದು 1996ರಿಂದ. ಅಂದಿನಿಂದ ಈ ಲೆಕ್ಕಾಚಾರ ಬಹಳ ಚುರುಕಾಗಿದೆ, ಈಚಿನ ವರ್ಷಗಳಲ್ಲಿ ಅಪಾರ ಧ್ವನಿಮಾದರಿಗಳ ಮೇಲೆ ತರಬೇತಿ ಪಡೆದ ನರಜಾಲದ ಚಿಪ್‌ಗಳೂ ಬಂದಿವೆ, ಅವು ಮಾತನ್ನು ಗದ್ದಲದಿಂದ ಬಿಡಿಸುವುದರಲ್ಲಿ ಹಿಂದಿನವುಗಳಿಗಿಂತ ಮುಂದಿವೆ. ಆದರೆ ಈ ಕುಟುಂಬದ ಕೈಗೆ ಎಟಕುವ ಬೆಲೆಯ ಸಾಧನದಲ್ಲಿ ಇರುವುದು ಮೇಲೆ ಹೇಳಿದ ಹಳೆಯ ತತ್ತ್ವವೇ.

ಒಂದು ಭಾನುವಾರ ಬೆಳಿಗ್ಗೆ ಶಬ್ದಮಾಪಕ ಹಿಡಿದು ಹೋಟೆಲಿಗೆ ಹೋದೆ. ಕಟ್ಟಿಗೆಯ ಒಲೆ, ಅದರ ಮೇಲೆ ಅಗಲವಾದ ಕಾವಲಿ, ಹೊಗೆ ಎಳೆಯಲು ಗೋಡೆಯಲ್ಲಿ ಒಂದು ದೊಡ್ಡ ಎಕ್ಸಾಸ್ಟ್ ಫ್ಯಾನು. ಗಲ್ಲಾ ಇದ್ದದ್ದು ಆ ಫ್ಯಾನಿನ ಎದುರಿಗೆ, ಎಂಟು ಅಡಿ ದೂರದಲ್ಲಿ. ಗಿರಾಕಿಗಳು ಬರುವ ಮುಂಚೆ ಫ್ಯಾನು ಒಂದೇ ತಿರುಗುತ್ತಿದ್ದಾಗ ಗಲ್ಲಾದ ಬಳಿ 67 ಡೆಸಿಬೆಲ್ ಇತ್ತು. ಎಂಟೂವರೆಗೆ ಎಲ್ಲ ಟೇಬಲ್ಲುಗಳು ತುಂಬಿ, ಕಾವಲಿ ಕೆರೆಯುವ ಸದ್ದು, ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಒಗೆಯುವ ಸದ್ದು, "ಎರಡು ಬೆಣ್ಣೆ, ಒಂದು ಖಾಲಿ" ಎಂದು ಒಳಗೆ ಕೂಗುವ ದನಿ, ಇವೆಲ್ಲ ಸೇರಿ ಸರಾಸರಿ 75ಕ್ಕೆ ಏರಿತು. ಗಲ್ಲಾದ ಆಚೆ ಒಂದು ಮೀಟರ್ ದೂರದಲ್ಲಿ ನಿಂತು ಎತ್ತರದ ದನಿಯಲ್ಲಿ ಹೇಳುವ ಗಿರಾಕಿಯ ಮಾತೂ ಹೆಚ್ಚು ಕಡಿಮೆ 75ರಲ್ಲೇ ಅವರ ಕಿವಿಯನ್ನು ತಲುಪುತ್ತಿತ್ತು. ಅಂದರೆ ಮಾತು ಗದ್ದಲಕ್ಕಿಂತ ಒಂದಿಷ್ಟೂ ಮೇಲಿಲ್ಲ, ಅಂತರ ಸೊನ್ನೆ. ಕೇಳುವ ಕಿವಿ ಚೆನ್ನಾಗಿರುವ ಮಗನಿಗೆ ಅಷ್ಟು ಸಾಕಾಗುತ್ತಿತ್ತು.

ಅಪ್ಪನಿಗೆ ಎಷ್ಟು ಬೇಕೆಂಬುದನ್ನು ಕ್ಲಿನಿಕ್ಕಿನಲ್ಲಿ ಕನ್ನಡ ವಾಕ್ಯಗಳಿಂದ ಅಳೆದಿದ್ದೆ. ಗದ್ದಲದ ನಡುವೆ ಅರ್ಧದಷ್ಟು ಪದಗಳನ್ನು ಸರಿಯಾಗಿ ಹಿಡಿಯಲು ಮಾತು ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲಿರಬೇಕು ಎಂಬುದೇ ಆ ಅಳತೆ. ಬರಿಗಿವಿಯಲ್ಲಿ ಅವರಿಗೆ 11 ಬೇಕಾಯಿತು. ಸರಿಪಡಿಸಿದ ಸಾಧನ ಹಾಕಿದಾಗ 8. ಗದ್ದಲ ತಗ್ಗಿಸುವ ವ್ಯವಸ್ಥೆ ಚಾಲೂ ಮಾಡಿದಾಗಲೂ ಅದೇ 8. ಇಷ್ಟು ತಿಳಿದ ಮೇಲೆ ಹೋಟೆಲಿನಲ್ಲಿ ಆ ಸಾಧನ ಜೇಬು ಸೇರಿದ್ದರಲ್ಲಿ ಆಶ್ಚರ್ಯವೇನಿದೆ? ಎಂಟು ಬೇಕಾದ ಕಡೆ ಸೊನ್ನೆ ಸಿಗುತ್ತಿತ್ತು. ಅವರ ತಾಳ್ಮೆಯಲ್ಲಾಗಲಿ ಬುದ್ಧಿಯಲ್ಲಾಗಲಿ ಯಾವ ಕೊರತೆಯೂ ಇರಲಿಲ್ಲ. "ಮಷೀನು ಚೆನ್ನಾಗೇ ಐತಿ, ಇವರಿಗೇ ಹೊಂದಿಕೊಳ್ಳೋಕೆ ಬರಲ್ಲ" ಎಂದು ಮನೆಯಲ್ಲಿ ಆಡಿದ್ದ ಮಾತನ್ನು ಮಗ ಆ ದಿನ ನನ್ನೆದುರಿಗೇ ಹಿಂದಕ್ಕೆ ಪಡೆದರು.

ಈ ಎಂಟು ಡೆಸಿಬೆಲ್‌ಗಳನ್ನು ಒಂದೇ ಕಡೆಯಿಂದ ತರಲು ಸಾಧ್ಯವಿರಲಿಲ್ಲ. ಹಾಗಾಗಿ ಚಿಲ್ಲರೆ ಕೂಡಿಸಿದಂತೆ ಎರಡು ಮೂರು ಕಡೆಗಳಿಂದ ಕೂಡಿಸಿದೆವು.

ಮೊದಲನೆಯದು ಮೈಕು. ಕಿವಿಯ ಹಿಂದೆ ಕೂರುವ ಸಾಧನದಲ್ಲಿ ಎರಡು ಮೈಕುಗಳಿರುತ್ತವೆ, ಅವುಗಳ ನಡುವಿನ ಅಂತರ ಸುಮಾರು ಒಂದು ಸೆಂಟಿಮೀಟರ್. ಹಿಂದಿನಿಂದ ಬಂದ ಧ್ವನಿ ಹಿಂದಿನ ಮೈಕನ್ನು ಮುಟ್ಟಿ ಮುಂದಿನದಕ್ಕೆ ಹೋಗಲು ಸೆಕೆಂಡಿನ ಲಕ್ಷದಲ್ಲಿ ಮೂರು ಭಾಗದಷ್ಟು ಕಾಲ ಹಿಡಿಯುತ್ತದೆ. ಆ ಪುಟ್ಟ ಅಂತರವನ್ನು ಹಿಡಿದು ಚಿಪ್ ಹಿಂದಿನ ಧ್ವನಿಯನ್ನು ಕಳೆದುಹಾಕುತ್ತದೆ. ಗದ್ದಲ ತಗ್ಗಿಸುವ ವ್ಯವಸ್ಥೆ ಮಾಡಲಾಗದ ಕೆಲಸ ಇದು: ಮಾತಿನ ಮತ್ತು ಗದ್ದಲದ ಅನುಪಾತವನ್ನೇ ಇದು ಸರಿಪಡಿಸುತ್ತದೆ, ಗದ್ದಲವೂ ಮಾತೇ ಆಗಿದ್ದರೂ ಸರಿ. ಅವರ ಸಾಧನದಲ್ಲಿ ಈ ಸೌಲಭ್ಯ ಇತ್ತು, ಚಾಲೂ ಮಾಡಿರಲಿಲ್ಲ. ಚಾಲೂ ಮಾಡಿದರೂ ಲಾಭ ಅಷ್ಟಕ್ಕಷ್ಟೇ ಇರುತ್ತಿತ್ತು, ಏಕೆಂದರೆ ಕಿವಿಯೊಳಗೆ ಹಾಕಿದ್ದ ತೂತುಗಳ ರಬ್ಬರ್ ಟೊಪ್ಪಿಗೆಯ (ಡೋಮ್) ಮೂಲಕ ಫ್ಯಾನಿನ ಕೆಳ ಸ್ಥಾಯಿಯ ಸದ್ದು ಸಾಧನವನ್ನು ತಪ್ಪಿಸಿಕೊಂಡು ನೇರವಾಗಿ ಒಳನುಗ್ಗುತ್ತಿತ್ತು. ಚಿಪ್ ಎಷ್ಟೇ ಜಾಣವಾಗಿರಲಿ, ತನ್ನ ಮೂಲಕ ಹಾದುಹೋಗದ ಸದ್ದನ್ನು ಅದೇನು ಮಾಡೀತು? ಕಿವಿಯ ಅಚ್ಚು ತೆಗೆದು, ಸಣ್ಣ ಗಾಳಿರಂಧ್ರ ಮಾತ್ರ ಇರುವ ಇಯರ್ ಮೋಲ್ಡ್ ಮಾಡಿಸಿದೆವು. ಎಡಗಿವಿಗೂ ಅದೇ ಬಗೆಯ ಸಾಧನ ಕೊಂಡರು. ಎರಡೂ ಕಿವಿಗೆ ಹಾಕಿ ದಿಕ್ಕಿನ ಮೈಕು ಚಾಲೂ ಮಾಡಿದ ಮೇಲೆ, ಗದ್ದಲ ಬೆನ್ನ ಹಿಂದಿನಿಂದ ಬಂದಾಗ ಅವರಿಗೆ ಬೇಕಾದ ಅಂತರ 8ರಿಂದ 4ಕ್ಕೆ ಇಳಿಯಿತು. ನಾಲ್ಕೂ ದಿಕ್ಕಿನ ಸ್ಪೀಕರುಗಳಿಂದ ಗದ್ದಲ ಹಾಕಿದಾಗ 6ಕ್ಕೆ ಮಾತ್ರ ಇಳಿಯಿತು. ನಿತ್ಯದ ಬದುಕು ಎರಡನೆಯದಕ್ಕೇ ಹತ್ತಿರ.

ಎರಡನೆಯದು ಹೋಟೆಲಿನದೇ ರಿಪೇರಿ. ಫ್ಯಾನಿನ ಬೇರಿಂಗ್ ಬದಲಿಸಿ, ಅಲುಗುತ್ತಿದ್ದ ಚೌಕಟ್ಟನ್ನು ಬಿಗಿ ಮಾಡಿಸಿ, ಗಲ್ಲಾವನ್ನು ಬಾಗಿಲ ಪಕ್ಕಕ್ಕೆ ಸರಿಸಿ, ಅವರ ಬೆನ್ನು ಒಲೆಯ ಕಡೆಗೂ ಮುಖ ಗಿರಾಕಿಗಳ ಕಡೆಗೂ ಬರುವಂತೆ ಕುರ್ಚಿ ಹಾಕಿದರು. ಮುಂದಿನ ಭಾನುವಾರ ಅದೇ ಹೊತ್ತಿನಲ್ಲಿ ಗಲ್ಲಾದ ಬಳಿ 72 ಡೆಸಿಬೆಲ್ ಬಂತು. ಎರಡನೇ ಸಾಧನಕ್ಕೆ ತೆತ್ತ ಹಣದ ಪಕ್ಕದಲ್ಲಿ ಈ ರಿಪೇರಿ ಮತ್ತು ಜಾಗ ಬದಲಿಸಿದ ಖರ್ಚು ಏನೇನೂ ಅಲ್ಲ, ಆದರೆ ಅವೆರಡೂ ಸೇರಿ ಕೊಟ್ಟ 3 ಡೆಸಿಬೆಲ್ ದಿಕ್ಕಿನ ಮೈಕು ಕೊಟ್ಟದ್ದಕ್ಕೆ ಸಮವಾಗಿ ನಿಲ್ಲುತ್ತದೆ. ಕಿವಿಯ ಸಮಸ್ಯೆ ಹೇಳಿಕೊಂಡು ಬಂದವರಿಗೆ ಫ್ಯಾನು ರಿಪೇರಿ ಮಾಡಿಸಿ, ಕೂರುವ ಜಾಗ ಬದಲಿಸಿರೆಂದು ಬರೆದುಕೊಡಲು ಈಗ ನನಗೆ ಯಾವ ಸಂಕೋಚವೂ ಇಲ್ಲ.

ಮೂರನೆಯದು ದೂರ. ಮಾತಾಡುವವರ ಬಾಯಿಗೂ ಕಿವಿಗೂ ಇರುವ ದೂರ ಅರ್ಧವಾದರೆ ಬಯಲಿನಲ್ಲಿ ಮಾತು 6 ಡೆಸಿಬೆಲ್ ಏರುತ್ತದೆ; ಹತ್ತಿರ ನಿಂತು ಮಾತಾಡುವಾಗ ಕೋಣೆಯೊಳಗೂ ಹೆಚ್ಚು ಕಡಿಮೆ ಅಷ್ಟೇ ಸಿಗುತ್ತದೆ. ಹಳೆಯ ಗಲ್ಲಾದ ಮೇಜು ಅಗಲವಾಗಿತ್ತು, ಅದರ ಮುಂದೆ ಬಾಳೆಹಣ್ಣಿನ ಬುಟ್ಟಿ ಬೇರೆ. ಬುಟ್ಟಿಯನ್ನು ಪಕ್ಕಕ್ಕಿಟ್ಟು ಕಿರಿದಾದ ಮೇಜು ಹಾಕಿದಾಗ ಗಿರಾಕಿಗಳು ಅವರಿಂದ ಅರ್ಧ ಮೀಟರಿನಲ್ಲಿ ನಿಲ್ಲುವಂತಾಯಿತು. ಬೇಕಾದದ್ದು 6, ಸಿಕ್ಕದ್ದು ಹೋಟೆಲಿನ ರಿಪೇರಿಯಿಂದ 3 ಮತ್ತು ದೂರದಿಂದ ಹತ್ತಿರ ಹತ್ತಿರ 6. ಮೊದಲ ಬಾರಿಗೆ ಲೆಕ್ಕ ಅವರ ಕಡೆ ವಾಲಿತು.

ಇವೆಲ್ಲ ಸಲೀಸಾಗಿ ನಡೆದವೆಂದು ತಿಳಿಯಬಾರದು. ಇಯರ್ ಮೋಲ್ಡ್ ಹಾಕಿದ ಮೊದಲ ವಾರ ತಮ್ಮ ದನಿಯೇ ಹಂಡೆಯೊಳಗೆ ಮಾತಾಡಿದಂತೆ ಕೇಳಿಸುತ್ತದೆಂದು ಅವರು ಎರಡು ಬಾರಿ ತೆಗೆದಿಟ್ಟರು. ಗಾಳಿರಂಧ್ರವನ್ನು ತುಸು ಹಿಗ್ಗಿಸಬೇಕಾಯಿತು, ಹಿಗ್ಗಿಸಿದಷ್ಟೂ ಫ್ಯಾನಿನ ಸದ್ದು ಒಳಬರುತ್ತದೆ ಎಂಬುದು ಗೊತ್ತಿದ್ದರಿಂದ ನಡುವಿನ ಅಳತೆಯೊಂದಕ್ಕೆ ನಿಂತೆವು. ಗದ್ದಲ ತಗ್ಗಿಸುವ ವ್ಯವಸ್ಥೆಯನ್ನು ಗರಿಷ್ಠದಲ್ಲೇ ಇಡಿರೆಂದು ಅವರು ಕೇಳಿದ್ದರು. ಹಾಗೆ ಇಟ್ಟಾಗ ಮೃದುವಾಗಿ ಮಾತಾಡುವ ಸೊಸೆಯ ದನಿ ಮನೆಯಲ್ಲಿ ಮಿಕ್ಸಿ ತಿರುಗುವಾಗ ಪೂರ್ತಿ ಕರಗಿಹೋಗುತ್ತಿತ್ತು. ಮಧ್ಯಮಕ್ಕೆ ಇಳಿಸಿದ ಮೇಲೆ ಇಬ್ಬರಿಗೂ ಸಮಾಧಾನವಾಯಿತು. ಮುಂದಕ್ಕೆ ಮಾತ್ರ ಕಿವಿಗೊಡುವ ಮೈಕಿನಿಂದ ರಸ್ತೆಯಲ್ಲಿ ಹಿಂದಿನಿಂದ ಬರುವ ಆಟೋ ಕೇಳದೇ ಹೋಗುವ ಅಪಾಯವಿದ್ದದ್ದರಿಂದ ಅದನ್ನು ಹೋಟೆಲಿಗೆಂದೇ ಪ್ರತ್ಯೇಕ ಪ್ರೋಗ್ರಾಮಿನಲ್ಲಿಟ್ಟು, ಗುಂಡಿ ಒತ್ತಿ ಬದಲಿಸುವುದನ್ನು ಕಲಿಸಿದೆ. ಆ ಪುಟ್ಟ ಗುಂಡಿಯನ್ನು ಹುಡುಕಲು ಅವರ ಬೆರಳಿಗೆ ಹತ್ತು ದಿನ ಹಿಡಿಯಿತು.

ಹಾಗಾದರೆ ಗದ್ದಲ ತಗ್ಗಿಸುವ ವ್ಯವಸ್ಥೆಯಿಂದ ಲಾಭವೇ ಇಲ್ಲವೇ ಎಂದು ಮಗ ಕೇಳಿದರು. ಲಾಭ ಇದೆ, ಅದರ ಸುಳಿವು ಸಾಧನದ ಲೆಕ್ಕದಲ್ಲೇ ಇತ್ತು. ದಿನಕ್ಕೆ ಎಷ್ಟು ಹೊತ್ತು ಬಳಕೆಯಾಯಿತೆಂದು ಸಾಧನ ತನ್ನೊಳಗೆ ದಾಖಲಿಸುತ್ತದೆ. ನನ್ನಲ್ಲಿಗೆ ಬರುವ ಮುಂಚಿನ ತಿಂಗಳುಗಳಲ್ಲಿ ಸರಾಸರಿ ದಿನಕ್ಕೆ ಒಂದೂವರೆ ಗಂಟೆ ಇತ್ತು, ಮೂರನೇ ತಿಂಗಳ ಕೊನೆಗೆ ಒಂಬತ್ತು ಗಂಟೆಯಾಗಿತ್ತು. ಮೊದಲು ಬೆಳಿಗ್ಗೆ ಒಂಬತ್ತು ಹೊಡೆಯುವಷ್ಟರಲ್ಲೇ ತಲೆ ಸಿಡಿಯುತ್ತಿತ್ತು, ಈಗ ಹನ್ನೊಂದೂವರೆಗೆ ಹೋಟೆಲು ಖಾಲಿಯಾಗುವವರೆಗೂ ಹಾಕಿಕೊಂಡಿರುತ್ತೇನೆ ಎಂದು ಅವರೂ ಹೇಳಿದರು. ದಣಿವು ಕಡಿಮೆಯಾದದ್ದರಲ್ಲಿ ಆ ವ್ಯವಸ್ಥೆಯ ಪಾಲಿದೆ ಎಂಬುದು ನನ್ನ ಅಭಿಪ್ರಾಯ. ಆ ಪಾಲನ್ನು ಇತರ ಬದಲಾವಣೆಗಳಿಂದ ಬೇರ್ಪಡಿಸಿ ಅಳೆಯಲು ಒಬ್ಬರ ಪ್ರಕರಣದಲ್ಲಿ ಬರುವುದಿಲ್ಲ.

ಬಗೆಹರಿಯದೆ ಉಳಿದದ್ದೂ ಇದೆ. ಕಲ್ಯಾಣ ಮಂಟಪದ ವಾಲಗದ ನಡುವೆ ಅವರಿಗೆ ಇಂದಿಗೂ ಮಾತು ಹಿಡಿಯುವುದಿಲ್ಲ; ಅಲ್ಲಿ ನನ್ನ ಕಿವಿಗೂ ಕಷ್ಟವೇ. ಅಡುಗೆ ಮನೆಯಿಂದ ಮಗ ಕೂಗಿ ಹೇಳುವ ಲೆಕ್ಕ ಹದಿನೈದು ಅಡಿ ದೂರದಿಂದ ಬೆನ್ನ ಹಿಂದೆ ಬರುವುದರಿಂದ ಯಾವ ಸೆಟ್ಟಿಂಗಿನಲ್ಲೂ ಸಾಧ್ಯವಾಗಲಿಲ್ಲ. ಅದಕ್ಕೆ ನಾಲ್ಕನೇ ತಿಂಗಳಲ್ಲಿ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕೊಂದನ್ನು ತಂದರು. ಮಾತಾಡುವವರ ಬಾಯಿಯಿಂದ ಒಂದು ಗೇಣು ದೂರದಲ್ಲಿ ಕೂತು ಮಾತನ್ನು ನಿಸ್ತಂತುವಾಗಿ ಸಾಧನಕ್ಕೇ ಮುಟ್ಟಿಸುವ ಈ ಮೈಕು, ದೂರವನ್ನೇ ಇಲ್ಲವಾಗಿಸುವುದರಿಂದ, ಗದ್ದಲದ ವಿರುದ್ಧ ಇಂದು ನಮ್ಮ ಕೈಯಲ್ಲಿರುವ ಎಲ್ಲಕ್ಕಿಂತ ಬಲವಾದ ಉಪಾಯ. ಮಗ ಅದನ್ನು ಅಂಗಿಗೆ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತು ಸಹಜ ದನಿಯಲ್ಲಿ "ನಾಲ್ಕನೇ ಟೇಬಲ್ಲು, ಎರಡು ಬೆಣ್ಣೆ, ಒಂದು ಖಾಲಿ, ಅಪ್ಪಾಜಿ" ಎಂದದ್ದನ್ನು ಗಲ್ಲಾದ ಬಳಿ ನಿಂತಿದ್ದ ನಾನು ಕೇಳಿಸಿಕೊಳ್ಳಲಿಲ್ಲ. ಅವರು ತಿರುಗಿ ನೋಡದೆ ಚೀಟಿಯಲ್ಲಿ ಬರೆದುಕೊಂಡರು.

ಆರನೇ ತಿಂಗಳ ತಪಾಸಣೆಗೆ ಅವರು ಒಬ್ಬರೇ ಬಂದರು. ಚಟ್ನಿ ಬಡಿಸುತ್ತೀರಾ ಎಂದು ಕೇಳಿದೆ. ಬಡಿಸುತ್ತೇನೆ, ಆದರೆ ಈಗ ಪಕ್ಕಕ್ಕೆ ನಿಂತು ಹಾಕುವುದಿಲ್ಲ, ಟೇಬಲ್ಲಿನ ಎದುರಿಗೆ ಬಂದು ಗಿರಾಕಿಯ ಮುಖ ನೋಡುತ್ತಲೇ ಹಾಕುತ್ತೇನೆ ಎಂದರು. ಎಷ್ಟು ಸಲ ತಪ್ಪಾಗುತ್ತದೆ ಎಂದು ಕೇಳಿದ್ದಕ್ಕೆ ಒಂದು ಕ್ಷಣ ಯೋಚಿಸಿ, "ಭಾನುವಾರ ಒಂದೆರಡು ಆಗ್ತಾವ್ರಿ" ಎಂದು ಹೇಳಿ ಬಲಗಿವಿಯ ಇಯರ್ ಮೋಲ್ಡನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿಕೊಂಡರು.